ಮಂಗಳೂರಲ್ಲಿ ಹದಿನೈದನೇ ಮಹಡಿಯೋ, ಕಾಸರಗೋಡಲ್ಲಿ ಹತ್ತು ಸೆಂಟ್ಸೋ?

ಮನೆ ಮಾಡುವ ಮಾತು ಬಂದರೆ ಕಾಸರಗೋಡಿನ ಕನ್ನಡದವರ ಮುಂದೆ ಈಗ ನಾಲ್ಕು ದಾರಿ ಇವೆ. ಒಂದು, ಮಂಗಳೂರು ಪೇಟೆಯ ಎತ್ತರದ ಕಟ್ಟಡದಲ್ಲಿ ಫ್ಲ್ಯಾಟ್. ಎರಡು, ಅಷ್ಟು ದೂರ ಹೋಗದೆ ತೊಕ್ಕೊಟ್ಟು, ದೇರಳಕಟ್ಟೆ ಕಡೆ ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟ್. ಮೂರು, ಕಾಸರಗೋಡು ಪೇಟೆಯಲ್ಲೇ, ವಿದ್ಯಾನಗರ ಅಥವಾ ನುಳ್ಳಿಪ್ಪಾಡಿ ಸುತ್ತಮುತ್ತ ಫ್ಲ್ಯಾಟ್. ನಾಲ್ಕು, ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆ ಹತ್ತು ಸೆಂಟ್ಸ್ (ಎಕರೆಯ ಹತ್ತರಲ್ಲೊಂದು ಪಾಲು) ಜಾಗ ತಗೊಂಡು ಸ್ವಂತ ಮನೆ. ಇರುವ ಹಂಚಿನ ಮನೆಯನ್ನೇ ಗಟ್ಟಿ ಮಾಡಿಕೊಳ್ಳುವುದನ್ನೂ ಇದರಲ್ಲೇ ಸೇರಿಸುತ್ತೇನೆ.

ನನ್ನ ಹತ್ತಿರ ಇದನ್ನು ಕೇಳುವವರಲ್ಲಿ ಮೂರು ಥರದವರು ಜಾಸ್ತಿ. ಮಂಗಳೂರಲ್ಲಿ ಕೆಲಸ ಸಿಕ್ಕಿದ ಗಂಡ ಹೆಂಡತಿ. ಗಲ್ಫ್‌ನಿಂದ ವಾಪಸಾಗುವ ಯೋಚನೆಯಲ್ಲಿರುವವರು. ತೋಟದ ಮನೆಯಲ್ಲಿ ಇಬ್ಬರೇ ಉಳಿದ ಅಪ್ಪ ಅಮ್ಮನ ಬಗ್ಗೆ ಚಿಂತೆ ಇರುವ ಮಕ್ಕಳು. ಮೂವರಿಗೂ ಒಂದೇ ಉತ್ತರ ಹೇಳುವವರು ಬ್ರೋಕರ್‌ಗಳು ಮಾತ್ರ.

ಮೊದಲು ಯಾವುದನ್ನು ಅಳೆಯಬೇಕು

ಮನೆ ನೋಡಲು ಹೋಗುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಆ ಮನೆಯೊಳಗೆ ಯಾರಿರುತ್ತಾರೆ? ಓಣಂಗೆ, ದೀಪಾವಳಿಗೆ ಎಲ್ಲರೂ ಸೇರುವ ದಿನದ ಲೆಕ್ಕ ಹಾಕಿ ಮನೆ ತಗೊಳ್ಳುವವರು ಬಹಳ. ನಾಲ್ಕು ಕೋಣೆ, ದೊಡ್ಡ ಹಾಲ್, ವರ್ಷಕ್ಕೆ ಹತ್ತು ದಿನ ಜನ. ಉಳಿದ ದಿನ ಬೀಗ, ಇಲ್ಲವೇ ಮಂಡಿನೋವಿನ ಅಮ್ಮ ಒಬ್ಬರೇ.

ಎರಡನೆಯದು ಮಳೆ ಮತ್ತು ಉಪ್ಪುಗಾಳಿ. ಮೂರನೆಯದು ನೀರು. ನಾಲ್ಕನೆಯದು ಆಸ್ಪತ್ರೆ, ಶಾಲೆ, ಕೆಲಸಕ್ಕೆ ಇರುವ ದೂರ, ಮಧ್ಯದಲ್ಲಿ ಬರುವ ಕೇರಳ-ಕರ್ನಾಟಕದ ತಲಪಾಡಿ ಗಡಿ. ಐದನೆಯದು ದುಡ್ಡು, ಅಂದರೆ ಬೋರ್ಡಿನಲ್ಲಿ ಬರೆದ ಬೆಲೆಯಲ್ಲ, ಕೊನೆಗೆ ಕೈಯಿಂದ ಹೋಗುವ ಒಟ್ಟು ಮೊತ್ತ. ಆರನೆಯದು ಕಾಗದಪತ್ರ. ಇನ್ನೊಂದನ್ನು ಯಾರೂ ಅಳೆಯುವುದಿಲ್ಲ. ಆ ಕಟ್ಟಡ ನಿಂತ ಓಣಿ ಈಗ ಹೇಗಿದೆ, ಹತ್ತು ವರ್ಷದಲ್ಲಿ ಏನಾಗುತ್ತದೆ ಅನ್ನುವುದು. ನನ್ನ ಪ್ರಕಾರ ಬೆಲೆಯಷ್ಟೇ ತೂಕ ಇದಕ್ಕೂ ಕೊಡಬೇಕು.

ಮಂಗಳೂರಿನ ಎತ್ತರದ ಕಟ್ಟಡ

ಪ್ಲಾನೆಟ್ ಎಸ್‌ಕೆಎಸ್ 40 ಮಹಡಿ ಎದ್ದು ನಿಂತ ಮೇಲೆ ಮಂಗಳೂರಲ್ಲಿ ಇಪ್ಪತ್ತು ಮಹಡಿ ಅಂದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ಕದ್ರಿ, ಬಿಜೈ, ಬೆಂದೂರ್‌ವೆಲ್, ಫಳ್ನೀರ್, ಅತ್ತಾವರ, ಎಲ್ಲ ಕಡೆಯೂ ಕ್ರೇನ್ ಕಾಣುತ್ತದೆ. ಮೇಲಿನ ಮಹಡಿಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ಸೊಳ್ಳೆ ಕಡಿಮೆ, ಸಮುದ್ರವೂ ಕಾಣುತ್ತದೆ. ಗೇಟಿನಲ್ಲಿ ಕಾವಲಿನವರು ಇರುತ್ತಾರೆ. ಊರಲ್ಲಿ ಇಲ್ಲದ ಗಂಡ ಮಕ್ಕಳಿಗೆ ಇದು ದೊಡ್ಡ ನೆಮ್ಮದಿ. ಕೆಲಸ ಪೇಟೆಯಲ್ಲೇ ಇದ್ದರೆ ದಿನಕ್ಕೆ ಎರಡು ಮೂರು ಗಂಟೆ ಉಳಿಯುತ್ತದೆ. ಇದರ ಬೆಲೆ ಸಣ್ಣದಲ್ಲ.

ಆದರೆ ಮಳೆ. ನಮ್ಮ ಕರಾವಳಿಯ ಮಳೆ ನೇರವಾಗಿ ಬೀಳುವುದಿಲ್ಲ, ಪಶ್ಚಿಮದಿಂದ ಅಡ್ಡಲಾಗಿ ಹೊಡೆಯುತ್ತದೆ. ಹಳೆ ಹಂಚಿನ ಮನೆಯ ಮಾಡು ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಚಾಚಿರುತ್ತಿದ್ದುದು ಅದಕ್ಕೇ. ಹೊಸ ಕಟ್ಟಡಗಳಲ್ಲಿ ಸಜ್ಜವೇ ಮಾಯ. ನುಣುಪು ಗೋಡೆ, ಅದರಲ್ಲಿ ದೊಡ್ಡ ಗಾಜು. ನೋಡಲು ಚಂದ. ಹದಿನೈದನೇ ಮಹಡಿಯಲ್ಲಿ ಆ ಗಾಜಿನ ಚೌಕಟ್ಟಿನ ಕೆಳಗಿನ ಸಂದಿಗೆ ಮಳೆನೀರು ಗಾಳಿಯ ಒತ್ತಡದಲ್ಲಿ ನುಗ್ಗುತ್ತದೆ. ಹಾಗಾಗಿ ಮಾದರಿ ಫ್ಲ್ಯಾಟ್ ನೋಡಿ ಮರುಳಾಗಬೇಡಿ. ಅದೇ ಬಿಲ್ಡರ್ ಎಂಟು ಹತ್ತು ವರ್ಷದ ಹಿಂದೆ ಕಟ್ಟಿದ ಬೇರೆ ಕಟ್ಟಡ ಎಲ್ಲಿದೆ ಅಂತ ಕೇಳಿ. ಅಲ್ಲಿಗೆ ಜುಲೈಯಲ್ಲಿ ಹೋಗಿ. ಪಶ್ಚಿಮದ ಬಾಲ್ಕನಿಗಳ ಅಡಿಭಾಗ ನೋಡಿ. ಅಲ್ಲಿ ಕಂದು ಬಣ್ಣದ ಗೆರೆ ಇಳಿದಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಅಂತ ಅರ್ಥ. ಉಪ್ಪುಗಾಳಿ ಕಾಂಕ್ರೀಟಿನೊಳಗೆ ಇಳಿದು ಸರಳನ್ನು ತಿನ್ನುತ್ತದೆ, ತುಕ್ಕು ಉಬ್ಬಿ ಸಿಮೆಂಟನ್ನು ಸೀಳುತ್ತದೆ. ಕಿಟಕಿಯ ಕೆಳಗಿನ ಮೂಲೆಯಲ್ಲಿ ಬಣ್ಣ ಹೊಪ್ಪಳೆ ಎದ್ದಿದೆಯಾ ನೋಡಿ. ಒಗೆದ ಬಟ್ಟೆ ಎಲ್ಲಿ ಒಣಗಿಸಿದ್ದಾರೆ ನೋಡಿ. ಹಾಲಿನ ಮಧ್ಯದಲ್ಲಿ ಹಗ್ಗ ಕಟ್ಟಿದ್ದರೆ ಆ ಮನೆಯ ಯುಟಿಲಿಟಿ ಜಾಗ ಕೆಲಸಕ್ಕೆ ಬಂದಿಲ್ಲ.

ನೀರಿನ ವಿಚಾರ ಇನ್ನೊಂದು. ಮಂಗಳೂರಿನ ನಲ್ಲಿಗೆ ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು. 2016, 2019, 2023ರ ಬೇಸಿಗೆಯಲ್ಲಿ ಅದನ್ನು ಸರದಿ ಪ್ರಕಾರ ಬಿಡಬೇಕಾಯಿತು. ಆಗ ನೂರಿನ್ನೂರು ಮನೆಯ ಕಟ್ಟಡ ನಡೆಯುವುದು ಟ್ಯಾಂಕರ್ ಮೇಲೆ, ಅದರ ಬಿಲ್ಲು ಎಲ್ಲರ ತಲೆಗೆ. ಏಪ್ರಿಲ್, ಮೇ ತಿಂಗಳ ಮೇಂಟೆನೆನ್ಸ್ ಬಿಲ್ ತೋರಿಸಿ ಅಂತ ಹಳೆ ನಿವಾಸಿಗಳನ್ನೇ ಕೇಳಬಹುದು. ತೋರಿಸುತ್ತಾರೆ, ಸಂಕಟ ಹೇಳಿಕೊಳ್ಳಲು ಅವರಿಗೂ ಯಾರಾದರೂ ಬೇಕಲ್ವಾ.

ಇನ್ನು ಓಣಿ. ಮಂಗಳೂರಿನ ಒಳರಸ್ತೆಗಳು ಮುರಕಲ್ಲಿನ ಕಂಪೌಂಡು, ಹಿತ್ತಿಲು, ಹಂಚಿನ ಮನೆಗಳ ಕಾಲದವು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಪೇಟೆಗೆ ಒಂದು ಕೆಂಪು ಚಹರೆಯೇ ಬಂತು. ಈಗ ಅಂಥ ಒಂದು ಮನೆ ಕೆಡವಿದ ಜಾಗದಲ್ಲಿ ಅರುವತ್ತು ಫ್ಲ್ಯಾಟ್ ಬರುತ್ತದೆ, ಓಣಿ ಮಾತ್ರ ಅಷ್ಟೇ ಅಗಲ. ಅರುವತ್ತು ಕಾರು, ಶಾಲೆ ವ್ಯಾನು, ಟ್ಯಾಂಕರ್ ಎಲ್ಲ ಆ ಒಂದು ಬಾಯಿಯಿಂದಲೇ ಹೊರಗೆ ಬರಬೇಕು. ಗುಡ್ಡದ ಊರಾದ್ದರಿಂದ ಬೇಸ್‌ಮೆಂಟಿಗೆ ಆಳವಾಗಿ ಅಗೆಯುತ್ತಾರೆ, ಜೂನ್ ಬಂದರೆ ಪಕ್ಕದವರ ಗೋಡೆ ಜಾರುವ ಭಯ. 2024ರ ಜುಲೈಯಲ್ಲಿ ಬಲ್ಮಠದಲ್ಲಿ ಹೀಗೆ ಕಟ್ಟಡದ ಕೆಲಸ ನಡೆಯುತ್ತಿದ್ದ ಕಡೆ ಮಣ್ಣು ಕುಸಿದು ಕಾರ್ಮಿಕರೊಬ್ಬರು ತೀರಿಹೋದರು.

ಎತ್ತರದ ಕಟ್ಟಡವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಗಲ ರಸ್ತೆಯ ಮೇಲಿದ್ದರೆ, ಕೆಳಗೆ ನಡೆದುಹೋಗುವ ದೂರದಲ್ಲಿ ತರಕಾರಿ ಅಂಗಡಿ, ಬಸ್ ನಿಲ್ದಾಣ ಇದ್ದರೆ ಇಪ್ಪತ್ತು ಮಹಡಿಯೂ ಸುಖವೇ. ಓಣಿಯೊಳಗಿನ ಹನ್ನೆರಡು ಮಹಡಿ ಅದಕ್ಕಿಂತ ಕಷ್ಟ. ಬಾಲ್ಕನಿಯ ಸಮುದ್ರದ ನೋಟಕ್ಕೆ ಜಾಸ್ತಿ ದುಡ್ಡು ಕೇಳಿದರೆ ಎದುರಿನ ಖಾಲಿ ಜಾಗ ಯಾರದ್ದು ಅಂತ ವಿಚಾರಿಸಿ. ಅಲ್ಲೊಂದು ಹಳೆ ಹಂಚಿನ ಮನೆ ಬೀಗ ಹಾಕಿ ನಿಂತಿದ್ದರೆ, ನಿಮ್ಮ ಸಮುದ್ರದ ಆಯುಸ್ಸು ಆ ಮನೆಯ ಪಾಲುದಾರರು ರಾಜಿಯಾಗುವವರೆಗೆ.

ತೊಕ್ಕೊಟ್ಟು, ದೇರಳಕಟ್ಟೆ

ಇದನ್ನು ಜನ ಎರಡನೇ ದರ್ಜೆಯ ಆಯ್ಕೆ ಅಂದುಕೊಳ್ಳುತ್ತಾರೆ. ಆಸ್ಪತ್ರೆಯೇ ಮುಖ್ಯ ಕಾರಣವಾದರೆ ನನಗೆ ಇದೇ ಮೊದಲನೆಯದು. ಕೆ.ಎಸ್. ಹೆಗ್ಡೆ, ಯೇನೆಪೋಯ, ಕಣಚೂರು, ಮೂರೂ ಮೆಡಿಕಲ್ ಕಾಲೇಜು ಇಲ್ಲೇ ಹತ್ತಿರ. ಕಾಸರಗೋಡಿನಿಂದ ಬರುವವರಿಗೆ ನೇತ್ರಾವತಿ ಸೇತುವೆ ದಾಟುವ ಕೆಲಸವೂ ಇಲ್ಲ. ಡಯಾಲಿಸಿಸ್‌ಗೆ ಹೋಗುವವರು, ಹೃದಯದ ಚಿಕಿತ್ಸೆಯಲ್ಲಿರುವವರು ಮನೆಯಲ್ಲಿದ್ದರೆ ಈ ಒಂದೇ ಕಾರಣ ಸಾಕು. ಮೆಡಿಕಲ್ ವಿದ್ಯಾರ್ಥಿಗಳಿಂದ ಬಾಡಿಗೆಯೂ ಬರುತ್ತದೆ. ಆದರೆ ಅದೇ ಕಾರಣಕ್ಕೆ ಕೆಲವು ಕಟ್ಟಡಗಳು ಹಾಸ್ಟೆಲ್ ಥರ ಆಗಿವೆ. ರಾತ್ರಿ ಎಂಟರ ಮೇಲೆ ಒಂದು ಸಲ ಹೋಗಿ ನೋಡಿದರೆ ಗೊತ್ತಾಗುತ್ತದೆ.

ಮೂರು ನಾಲ್ಕು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟರೂ ಹತ್ತಿ ಇಳಿಯಬಹುದು. 15 ಮೀಟರ್ ದಾಟಿದರೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದು ಹೈರೈಸ್. ಬೆಂಕಿ ಸುರಕ್ಷತೆಯ ನಿಯಮ ಬಿಗಿಯಾಗುತ್ತದೆ, ಪಂಪು, ಜನರೇಟರ್, ಹೆಚ್ಚಿನ ಲಿಫ್ಟ್, ಎಲ್ಲದರ ಖರ್ಚೂ ಏರುತ್ತದೆ. ಅಂದಹಾಗೆ ಎಷ್ಟೇ ಮಹಡಿ ಇರಲಿ, ಲಿಫ್ಟಿನೊಳಗೆ ಸ್ಟ್ರೆಚರ್ ಹಿಡಿಸುತ್ತದಾ ಅಂತ ಕೇಳಿ. ಸುಮ್ನೆ ನಗಬೇಡಿ. ವಯಸ್ಸಾದವರಿರುವ ಮನೆಗೆ ಇದಕ್ಕಿಂತ ಮುಖ್ಯ ಪ್ರಶ್ನೆ ಇಲ್ಲ.

ಕಾಸರಗೋಡು ಪೇಟೆಯ ಫ್ಲ್ಯಾಟ್

ಇಲ್ಲಿಯ ದೊಡ್ಡ ಲಾಭ ಅಂದರೆ ಜೀವನ ಬದಲಾಗುವುದಿಲ್ಲ. ರೇಷನ್ ಕಾರ್ಡು, ವೋಟು, ಬ್ಯಾಂಕು, ಕೆಎಲ್ 14 ನಂಬರಿನ ಕಾರು ಎಲ್ಲ ಇದ್ದ ಹಾಗೇ. ಕರ್ನಾಟಕಕ್ಕೆ ಹೋಗಿ ನೆಲೆಸಿದರೆ ಹನ್ನೆರಡು ತಿಂಗಳ ಮೇಲೆ ಕಾರಿನ ನೋಂದಣಿಯನ್ನೂ ಬದಲಿಸಬೇಕು, ತೆರಿಗೆ ಮತ್ತೆ ಕಟ್ಟಬೇಕು. ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ ಮಧ್ಯದಲ್ಲಿ ಕೀಳುವ ಅಗತ್ಯ ಇಲ್ಲ. ಕಲೆಕ್ಟರೇಟ್, ಸರಕಾರಿ ಕಾಲೇಜು ವಿದ್ಯಾನಗರದಲ್ಲೇ ಇವೆ. ತಿರುವನಂತಪುರಕ್ಕೆ ವಂದೇ ಭಾರತ್ ಇದೆ, ಮಂಗಳೂರಿಗೆ ಬಸ್ಸು ರೈಲು ಹೇಗೂ ಇವೆ.

ಗಮನಿಸಬೇಕಾದದ್ದು ಹೆದ್ದಾರಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಲೇನ್ ಆದ ಮೇಲೆ ಮಂಗಳೂರು ಹತ್ತಿರವಾಯಿತು ನಿಜ, ಆದರೆ ಪೇಟೆಯ ರೂಪವೇ ಬದಲಾಯಿತು. ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿ ಕಡೆಗೆ ಹೋಗುವ ಮೇಲ್ಸೇತುವೆ ಪಕ್ಕದ ಕಟ್ಟಡಗಳ ಮೇಲಿನ ಮಹಡಿಗೆ ಸರಿಸಮ. ಅದರ ಅಂಚಿನ ಫ್ಲ್ಯಾಟಿನಲ್ಲಿ ರಾತ್ರಿ ಲಾರಿಗಳು ಮಲಗುವ ಕೋಣೆಯ ಪಕ್ಕದಲ್ಲೇ ಹೋದ ಹಾಗೆ ಕೇಳುತ್ತದೆ. ಹೆದ್ದಾರಿಯಿಂದ ಎರಡು ಸಾಲು ಒಳಗೆ ಇರುವುದನ್ನು ಹುಡುಕಿ. ರಸ್ತೆಯ ಆಚೆ ಬದಿಗೆ ಹೋಗಲು ಅಂಡರ್‌ಪಾಸ್ ಎಷ್ಟು ದೂರ ಅಂತ ನಡೆದೇ ನೋಡಿ. ಎದುರಿಗೇ ಕಾಣುವ ಅಂಗಡಿಗೆ ಒಂದೆರಡು ಕಿಲೋಮೀಟರ್ ಸುತ್ತಬೇಕಾದ ಜಾಗಗಳಿವೆ.

ನೀರಿನಲ್ಲಿ ಕಾಸರಗೋಡಿಗೆ ತನ್ನದೇ ಕಥೆ ಇದೆ. ಬಾವಿಕ್ಕೆರೆಯಲ್ಲಿ ಹೊಳೆಗೆ ತಡೆ ಕಟ್ಟುವ ಮೊದಲು ಬೇಸಿಗೆಯಲ್ಲಿ ನಲ್ಲಿಯಲ್ಲೇ ಉಪ್ಪುನೀರು ಬರುತ್ತಿತ್ತು. ಚಹಾ ಕುಡಿದರೆ ಗೊತ್ತಾಗುತ್ತಿತ್ತು. ಈಗ ಪರವಾಗಿಲ್ಲ. ಆದರೂ ಕಟ್ಟಡಕ್ಕೆ ಸ್ವಂತ ಬಾವಿ ಇದೆಯಾ, ಬರೀ ಬೋರ್‌ವೆಲ್ಲಾ ಅಂತ ಕೇಳಿ. ಬಾವಿ ಇದ್ದರೆ ಮೇ ತಿಂಗಳ ನೀರನ್ನು ಒಂದು ಲೋಟ ಕುಡಿದು ನೋಡಿ.

ಹೊಳೆ ಕಾಣುವ ಫ್ಲ್ಯಾಟಿನ ಬಗ್ಗೆ ಎಚ್ಚರ. ನೀರಿನ ದಡದಲ್ಲಿ ಕಟ್ಟುವುದನ್ನು ನಿರ್ಬಂಧಿಸುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಸಮುದ್ರದ ದಂಡೆಗೆ ಮಾತ್ರವಲ್ಲ, ಉಬ್ಬರದ ಉಪ್ಪುನೀರು ಹತ್ತುವ ಚಂದ್ರಗಿರಿ, ಶಿರಿಯ ಹೊಳೆಗಳ ದಡಕ್ಕೂ ಅನ್ವಯಿಸುತ್ತದೆ. ಕೊಚ್ಚಿ ಹತ್ತಿರದ ಮರಡಿನಲ್ಲಿ ಇದೇ ನಿಯಮ ಮುರಿದದ್ದಕ್ಕೆ ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ನಾಲ್ಕು ದೊಡ್ಡ ವಸತಿ ಕಟ್ಟಡಗಳನ್ನು ಸ್ಫೋಟಿಸಿ ಕೆಡವಿದರು. ಅಲ್ಲಿ ಮನೆ ತಗೊಂಡವರ ಹತ್ತಿರವೂ ನೋಂದಣಿ ಕಾಗದ, ಬ್ಯಾಂಕ್ ಸಾಲ ಎಲ್ಲ ಇತ್ತು. ಬ್ಯಾಂಕ್ ಸಾಲ ಕೊಟ್ಟಿದೆ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ.

ಹತ್ತು ಸೆಂಟ್ಸ್, ಇಲ್ಲವೇ ಹಳೆ ಮನೆ

ಸ್ವಂತ ಜಾಗದ ಸುಖ ಬೇರೆ. ಬಾವಿ, ತುಳಸಿಕಟ್ಟೆ, ಹಲಸಿನ ಹಪ್ಪಳ ಒಣಗಿಸಲು ಅಂಗಳ, ನಾಯಿ. ಸಾವು, ಬೊಜ್ಜ (ಉತ್ತರಕ್ರಿಯೆ), ಮದುವೆ ಯಾವುದಕ್ಕೂ ಅಸೋಸಿಯೇಶನ್ನಿನ ಒಪ್ಪಿಗೆ ಬೇಡ. ಭೂಮಿಯ ಲೆಕ್ಕವನ್ನೂ ನೋಡಿ. 20 ಸೆಂಟ್ಸ್ ಜಾಗದ ಮೇಲೆ ಒಂದೇ ಅಳತೆಯ 60 ಫ್ಲ್ಯಾಟ್ ಇದ್ದರೆ ಒಬ್ಬರ ಪಾಲಿಗೆ ಬರುವುದು ಸುಮಾರು 145 ಚದರ ಅಡಿ ನೆಲ. ಹತ್ತು ಸೆಂಟ್ಸ್ ಅಂದರೆ 4,356 ಚದರ ಅಡಿ. ನಲವತ್ತು ವರ್ಷದ ನಂತರ ಕಟ್ಟಡ ಹಳೆಯದಾದಾಗ ಉಳಿಯುವ ಬೆಲೆ ನೆಲದ್ದೇ.

ಆದರೆ ಜಾಗದ ಕಾಗದ ಫ್ಲ್ಯಾಟಿನ ಕಾಗದಕ್ಕಿಂತ ಜಟಿಲ. ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆ ಕಾಯಿದೆ ಇದೆ. ಈಗ ತೆಂಗಿನ ತೋಟದ ಹಾಗೆ ಕಂಡರೂ ವಿಲೇಜ್ ಆಫೀಸಿನ ದಾಖಲೆಯಲ್ಲಿ ಗದ್ದೆ ಅಂತಿದ್ದರೆ, ಅದಕ್ಕಿಂತ ಮುಖ್ಯವಾಗಿ ಆ ಕಾಯಿದೆಯಡಿ ಮಾಡಿದ ಗದ್ದೆಗಳ ಪಟ್ಟಿಯಾದ ಡೇಟಾ ಬ್ಯಾಂಕಿನಲ್ಲಿ ಸೇರಿದ್ದರೆ, ಮನೆಗೆ ಪರವಾನಗಿ ಸಿಗಲು ಚಪ್ಪಲಿ ಸವೆಯುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ನೋಡಿ. ಆಧಾರದ (ಕ್ರಯಪತ್ರದ) ಹಿಂದಿನ ಕಾಗದ, ತೀರ್ವೆ ರಸೀದಿ, ಋಣಭಾರ ಪತ್ರ, ಪೊಸೆಶನ್ ಸರ್ಟಿಫಿಕೇಟ್ ಎಲ್ಲವನ್ನೂ ಸ್ವಂತ ವಕೀಲರಿಗೆ ತೋರಿಸಿ. ಗಲ್ಫಿನಲ್ಲಿರುವ ತಮ್ಮನ ಹೆಸರಿನಲ್ಲಿ ತಗೊಳ್ಳುವ ಯೋಚನೆ ಇದ್ದರೆ ಇನ್ನೊಂದು ಮಾತು. ಅನಿವಾಸಿ ಭಾರತೀಯರು ಫ್ಲ್ಯಾಟ್, ಮನೆ ಖರೀದಿಸಬಹುದು, ಕೃಷಿ ಭೂಮಿ, ತೋಟ ಖರೀದಿಸುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಸರಿ.

ಮನೆ ಕಟ್ಟುವಾಗ ಗಾತ್ರದ ಆಸೆ ಹತೋಟಿಯಲ್ಲಿರಲಿ. ಕೇರಳದಲ್ಲಿ 278.7 ಚದರ ಮೀಟರ್, ಅಂದರೆ 3,000 ಚದರ ಅಡಿ ದಾಟಿದ ಮನೆಗೆ ಒಂದು ಬಾರಿಯ ಕಟ್ಟಡ ತೆರಿಗೆಯ ಜೊತೆ ಪ್ರತಿವರ್ಷ ಐಷಾರಾಮಿ ತೆರಿಗೆಯೂ ಇದೆ. ಗುಡಿಸಲು ಜನ ಸಿಗುವುದಿಲ್ಲ ಅನ್ನುವುದು ಬೇರೆ.

ಹಳೆ ಹಂಚಿನ ಮನೆ ಇದ್ದು, ಪಾಲಿನ ತಕರಾರು ಇಲ್ಲದಿದ್ದರೆ ಕೆಡವುವ ಮೊದಲು ಒಬ್ಬ ಒಳ್ಳೆ ಮೇಸ್ತ್ರಿಗೆ ತೋರಿಸಿ. ಮುರಕಲ್ಲಿನ ಗೋಡೆ ಗಟ್ಟಿ ಇದ್ದರೆ ಸಾಮಾನ್ಯವಾಗಿ ಹೋಗಿರುವುದು ಮಾಡಿನ ಮರ, ಅಂದರೆ ಪಕಾಸು, ರೀಪು ಮಾತ್ರ. ಅದನ್ನು ಬದಲಿಸಿ, ಒಡೆದ ಹಂಚು ತೆಗೆದು, ಮಲಗುವ ಕೋಣೆಗೆ ತಾಗಿ ಒಂದು ಬಚ್ಚಲುಮನೆ ಸೇರಿಸಿ, ಮೆಟ್ಟಿಲಿನ ಪಕ್ಕ ಇಳಿಜಾರು ಹಾಕಿದರೆ ವಯಸ್ಸಾದವರಿಗೆ ಇನ್ನು ಇಪ್ಪತ್ತು ವರ್ಷ ಸಾಕು. ಹೊಸ ಮನೆಯ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಕೊರತೆ ಒಂದೇ, ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಪಕ್ಕದಲ್ಲಿ ಯಾರಿದ್ದಾರೆ?

ದುಡ್ಡು, ಕಾಗದ, ಗಡಿ

60 ಲಕ್ಷದ ಲೆಕ್ಕ ಹಾಕೋಣ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ 5 ಶೇಕಡಾ, ಅದರ ಮೇಲಿನ ಸೆಸ್ಸು, ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ 2 ಶೇಕಡಾ ಆದ ನೋಂದಣಿ ಶುಲ್ಕ ಸೇರಿ ಸುಮಾರು 7.6 ಶೇಕಡಾ, ಅಂದರೆ 4.56 ಲಕ್ಷ. ಕೇರಳದಲ್ಲಿ ಜಾಗಕ್ಕೆ ಮುದ್ರಾಂಕ 8, ನೋಂದಣಿ 2 ಸೇರಿ 10 ಶೇಕಡಾ, 6 ಲಕ್ಷ. ಹೊಸ ಫ್ಲ್ಯಾಟಿಗೆ ಕೇರಳದಲ್ಲಿ ಬೇರೆ ದರ ಇದೆ, ಆಧಾರ ಬರೆಯುವವರ ಹತ್ತಿರ ಕೇಳಿಕೊಳ್ಳಿ. ಕಟ್ಟುತ್ತಿರುವ ಫ್ಲ್ಯಾಟಿಗೆ 5 ಶೇಕಡಾ ಜಿಎಸ್‌ಟಿ, ಅಂದರೆ ಇನ್ನೊಂದು 3 ಲಕ್ಷ. ಕಂಪ್ಲೀಶನ್ ಸರ್ಟಿಫಿಕೇಟ್ ಬಂದ ಮೇಲೆ ತಗೊಂಡರೆ ಜಿಎಸ್‌ಟಿ ಇಲ್ಲ. 45 ಲಕ್ಷದೊಳಗಿನ, 90 ಚದರ ಮೀಟರ್ ಕಾರ್ಪೆಟ್ (ಗೋಡೆಗಳ ಒಳಗಿನ ಜಾಗ) ಮೀರದ ಫ್ಲ್ಯಾಟಿಗೆ ನಮ್ಮ ಊರುಗಳಲ್ಲಿ 1 ಶೇಕಡಾ ಮಾತ್ರ.

ಸಾಲ 40 ಲಕ್ಷ, 8.5 ಶೇಕಡಾ ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 34,700. ಅದರ ಮೇಲೆ ಮೇಂಟೆನೆನ್ಸ್ ಚದರ ಅಡಿಗೆ 3 ರೂಪಾಯಿ ಅಂತ ಇಟ್ಟರೂ 1,250 ಅಡಿಗೆ 3,750. ಆ 1,250 ಕೂಡ ಸೂಪರ್ ಬಿಲ್ಟಪ್, ಅಂದರೆ ಗೋಡೆ, ಮೆಟ್ಟಿಲು, ಲಿಫ್ಟಿನ ಜಾಗದ ಪಾಲೂ ಸೇರಿದ ಲೆಕ್ಕ. ಒಳಗೆ ಕಾಲಿಡುವ ಕಾರ್ಪೆಟ್ ಜಾಗ 900ರ ಆಸುಪಾಸಿನಲ್ಲಿರುವುದು ಮಾಮೂಲು. ಬಿಲ್ಡರ್‌ಗಳನ್ನು ಹತೋಟಿಯಲ್ಲಿಡುವ ರೇರಾ ಕಾಯಿದೆ ಪ್ರಕಾರ ಬಿಲ್ಡರ್ ಕಾರ್ಪೆಟ್ ಲೆಕ್ಕ ಹೇಳಲೇಬೇಕು, ಅದನ್ನೇ ಹಿಡಿದು ಹೋಲಿಸಿ. ನೋಂದಾಯಿತ ಕರಾರು ಆಗುವ ಮೊದಲು 10 ಶೇಕಡಾಕ್ಕಿಂತ ಹೆಚ್ಚು ಕೊಡಬೇಡಿ, ಕೇಳಲು ಅವರಿಗೆ ಹಕ್ಕಿಲ್ಲ. ರಚನೆಯ ದೋಷ ಕಂಡರೆ ಸ್ವಾಧೀನದಿಂದ ಐದು ವರ್ಷದವರೆಗೆ ಸರಿಪಡಿಸುವ ಹೊಣೆ ಅವರದ್ದೇ. ಎರಡು ರಾಜ್ಯಕ್ಕೂ ಬೇರೆ ಬೇರೆ ರೇರಾ ವೆಬ್‌ಸೈಟ್ ಇದೆ, ಪ್ರಾಜೆಕ್ಟಿನ ಹೆಸರು ಹಾಕಿ ನೋಡಲು ಹತ್ತು ನಿಮಿಷ ಸಾಕು.

ಗಡಿಯನ್ನು ಟೋಲ್ ಗೇಟಿನ ಖರ್ಚು ಅಂತ ಮಾತ್ರ ಲೆಕ್ಕ ಹಾಕಬೇಡಿ. 2020ರ ಮಾರ್ಚಿನಲ್ಲಿ ತಲಪಾಡಿ ಮುಚ್ಚಿದಾಗ ಆಂಬುಲೆನ್ಸಿಗೂ ದಾರಿ ಇರಲಿಲ್ಲ. ವಿಚಾರ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅಂಥದ್ದು ದಿನಾ ಆಗುವುದಿಲ್ಲ. ಆದರೆ ಅಪ್ಪ ಅಮ್ಮ ಈಚೆ, ಮಕ್ಕಳು ಆಚೆ ಇರುವ ಮನೆಯವರು ಅದನ್ನು ಮರೆತಿಲ್ಲ.

ಹಾಗಾದರೆ ಯಾರಿಗೆ ಯಾವುದು

ಗಂಡ ಹೆಂಡತಿ ಇಬ್ಬರಿಗೂ ಮಂಗಳೂರಲ್ಲೇ ಕೆಲಸ, ಮಕ್ಕಳು ಸಣ್ಣವರು ಅಂದರೆ ಮಂಗಳೂರೇ ಸರಿ. ಅಗಲ ರಸ್ತೆ, ಹತ್ತು ಮಹಡಿಯೊಳಗೆ, ಜನ ಈಗಾಗಲೇ ವಾಸವಿರುವ ಕಟ್ಟಡ. ಕೆಲಸ ಅಲ್ಲಿಲ್ಲ, ಸುಮ್ನೆ ಹೂಡಿಕೆಗೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಬೀಗ ಹಾಕಿದ ಫ್ಲ್ಯಾಟಿನಲ್ಲಿ ಒಂದು ಮಳೆಗಾಲ ಕಳೆದರೆ ಬೂಷ್ಟು ಗೋಡೆಯಿಂದ ಕಪಾಟಿನೊಳಗಿನ ಬಟ್ಟೆಗೆ ಹತ್ತುತ್ತದೆ, ಮೇಂಟೆನೆನ್ಸ್ ಬಿಲ್ಲು ಮಾತ್ರ ತಪ್ಪುವುದಿಲ್ಲ.

ಗಲ್ಫಿನಿಂದ ಬರುವವರು ಮೊದಲು ವ್ಯಾಪಾರವೋ ಕೆಲಸವೋ ಎಲ್ಲಿ ಅಂತ ತೀರ್ಮಾನಿಸಿ. ಊರಲ್ಲೇ ಅಂದರೆ ಹೆದ್ದಾರಿಯಿಂದ ಒಳಗೆ, 1,500 ಚದರ ಅಡಿ ಒಳಗಿನ ಸ್ವಂತ ಮನೆ. ಬಜೆಟ್ ಸಾಲದಿದ್ದರೆ ಕಾಸರಗೋಡು ಪೇಟೆಯ ಹಳೆ ಫ್ಲ್ಯಾಟ್ ನೋಡಿ. ಸೋರುವ ಗೋಡೆಯನ್ನು ಹಳೆ ಫ್ಲ್ಯಾಟ್ ಮುಚ್ಚಿಡಲಾರದು, ಬೆಲೆಯಲ್ಲಿ ಚೌಕಾಸಿಯೂ ನಡೆಯುತ್ತದೆ.

ಅಪ್ಪ ಅಮ್ಮನ ವಿಚಾರದಲ್ಲಿ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗುವುದಾದರೆ ಹಳೆ ಮನೆ ರಿಪೇರಿ ಮಾಡಿ, ಪಕ್ಕದ ಮನೆಯವರ ಜೊತೆ ಸಂಬಂಧ ಚೆನ್ನಾಗಿಟ್ಟುಕೊಳ್ಳಿ. ವಾರಕ್ಕೆರಡು ಸಲ ಅಂತಾದರೆ ದೇರಳಕಟ್ಟೆಯ ಒಂದನೇ ಮಹಡಿ, ಸದ್ಯಕ್ಕೆ ಬಾಡಿಗೆಗೆ. ತೋಟ ನೋಡದೆ ಇರಲಾರದ ಮನುಷ್ಯನನ್ನು ಹದಿನೈದನೇ ಮಹಡಿಗೆ ಹತ್ತಿಸುವ ಮೊದಲು ಅವರನ್ನೇ ಒಮ್ಮೆ ಕೇಳಿ.

ಇಷ್ಟಾದರೂ ಮನಸ್ಸು ತೂಗಾಡುತ್ತಿದ್ದರೆ, ಕಣ್ಣು ಹಾಕಿದ ಕಟ್ಟಡದಲ್ಲೇ ಅಥವಾ ಅದೇ ಓಣಿಯಲ್ಲಿ ಹನ್ನೊಂದು ತಿಂಗಳ ಕರಾರಿನಲ್ಲಿ ಬಾಡಿಗೆಗೆ ಇರಿ. ಜನವರಿಯಲ್ಲಿ ಶುರು ಮಾಡಬೇಡಿ, ಆಗ ಎಲ್ಲ ಮನೆಯೂ ಚಂದ. ಜೂನ್ ಒಂದಕ್ಕೆ ಸಾಮಾನು ಸಾಗಿಸಿ. ಮಳೆಯೂ ಸಿಗುತ್ತದೆ, ಏಪ್ರಿಲ್‌ನ ನೀರಿನ ಕಷ್ಟವೂ ಸಿಗುತ್ತದೆ. ಅಷ್ಟರಲ್ಲಿ ಅಸೋಸಿಯೇಶನ್ನಿನ ಜಗಳ ಯಾವುದರ ಬಗ್ಗೆ ಅಂತಲೂ ಗೊತ್ತಾಗಿರುತ್ತದೆ.